ಐದು ಪದರದ ಡಬ್ಬಿಯೊಳಗಿನ ಕುಂಕುಮ

ನಾಗಪುರದಿಂದ ಆ ಫೋನು ಬಂದಾಗ ನಾನು ತೂಕದ ಯಂತ್ರದ ಮುಂದೆ ಕೂತು ಪಾರ್ಸೆಲುಗಳ ಮೇಲೆ ವಿಳಾಸದ ಚೀಟಿ ಅಂಟಿಸುತ್ತಿದ್ದೆ. ಆ ಕಡೆಯ ಹೆಣ್ಣುಮಗಳ ದನಿ ನಡುಗುತ್ತಿತ್ತು. "ಹೇ ಕಾಯ ಆಹೆ? ರಕ್ತ ಆಹೆ ಕಾ?" ಎಂದು ಕೇಳಿದರು. ಇದೇನು, ರಕ್ತವೇ ಎಂದು. ಮಗಳ ಮೊದಲ ಹುಟ್ಟುಹಬ್ಬಕ್ಕೆ ನಮ್ಮಿಂದ ಖಣದ ಫ್ರಾಕು ತರಿಸಿಕೊಂಡಿದ್ದರು. ಡಬ್ಬಿ ಬಿಚ್ಚಿ ನೋಡಿದರೆ ಒಳಗಿನ ಬಿಳಿ ಅಸ್ತರಿನ ಮೇಲೆ ಅಂಗೈಯಗಲ ಕೆಂಪು ಕಲೆ. ಅದು ರಕ್ತವಲ್ಲ ತಾಯಿ, ಕುಂಕುಮ, ನಾವೇ ಪ್ರೀತಿಯಿಂದ ಇಟ್ಟದ್ದು ಎಂದು ಮರಾಠಿಯಲ್ಲಿ ಹೇಳಿ ಮುಗಿಸುವಷ್ಟರಲ್ಲಿ ನನಗೆ ಬೆವರು ಕಿತ್ತುಕೊಂಡಿತ್ತು. ಅವರು ಬೈಯಲಿಲ್ಲ. ಹುಟ್ಟುಹಬ್ಬ ನಾಳೆ ಎಂದಷ್ಟೇ ಹೇಳಿ ಫೋನು ಇಟ್ಟರು. ಬೈದಿದ್ದರೆ ನನಗೆ ಇನ್ನಷ್ಟು ಹಗುರವಾಗುತ್ತಿತ್ತು.

ಆ ಮಳೆಗಾಲದಲ್ಲಿ ಹಾಗೆ ಕೆಂಪಾದ ನಾಲ್ಕನೇ ಡಬ್ಬಿ ಅದು.

ಎರಡು ಸಾವಿರದ ದಶಕ ಆಗ ಮುಗಿಯುತ್ತ ಬಂದಿತ್ತು. ಇಂಟರ್ನೆಟ್ಟಿನಲ್ಲಿ ಬಟ್ಟೆ ಮಾರುತ್ತೇವೆ ಎಂದರೆ ಪುಣೆಯ ಧನಕವಡಿಯ ನಮ್ಮ ಗಲ್ಲಿಯಲ್ಲಿ ಜನ ನಗುತ್ತಿದ್ದರು. ಮುಟ್ಟಿ ನೋಡದೆ ಬಟ್ಟೆ ಯಾರು ಕೊಳ್ಳುತ್ತಾರೆ? ಆದರೆ ಕೊಳ್ಳುತ್ತಿದ್ದರು. ಹೊಲಿಗೆಯ ಉಸ್ತುವಾರಿ ನನ್ನ ವೈನಿಯದು, ಅಂದರೆ ತೀರಿಹೋದ ನನ್ನ ಅಣ್ಣನ ಹೆಂಡತಿಯದು. ಗುಳೇದಗುಡ್ಡದಿಂದ ಖಣ, ಅಂದರೆ ಅಲ್ಲಿ ನೇಯುವ ರವಿಕೆಯ ಬಟ್ಟೆ, ತರಿಸಿ ಪುಟ್ಟ ಹೆಣ್ಣುಮಕ್ಕಳಿಗೆ ಫ್ರಾಕು, ಪರಕರ ಎನ್ನುವ ಲಂಗ, ಪೋಲಕ ಎನ್ನುವ ಕುಪ್ಪಸ ಹೊಲಿಸುತ್ತಿದ್ದರು. ಮಗರಪಟ್ಟಾದ ಕಂಪನಿಯೊಂದರಲ್ಲಿ ಕೆಲಸಕ್ಕಿದ್ದ ಅವರ ಮಗಳು ವೆಬ್‌ಸೈಟು ಮಾಡಿಕೊಟ್ಟಿದ್ದಳು. ನನ್ನ ಪಾಲಿಗೆ ಬಂದದ್ದು ಡಬ್ಬಿ. ಯಾವ ಡಬ್ಬಿ, ಯಾವ ಕವರು, ಯಾವ ಟೇಪು ಎಂದು ಆರಿಸಿ, ಮುಚ್ಚಿ, ತೂಗಿ, ಕೊರಿಯರ್‌ನವರ ಕೈಗೆ ಕೊಡುವುದು. ಲಾರಿ ಆಫೀಸಿನಲ್ಲಿ ಸಾಮಾನು ಏರಿಸಿ ಇಳಿಸಿದ ಅನುಭವ ಮನೆಯಲ್ಲಿ ನನಗೊಬ್ಬನಿಗೇ ಇತ್ತು. ಆದ್ದರಿಂದ ಈ ವಿಷಯದಲ್ಲಿ ನನ್ನ ಮಾತೇ ಕಡೆಯದು ಎಂಬ ಜಂಬವೂ ಇತ್ತು.

ಕೆಲಸ ನಡೆಯುತ್ತಿದ್ದದ್ದು ವೈನಿಯ ಮನೆಯ ಹೊರಕೋಣೆಯಲ್ಲಿ; ಮೇಲಿನ ಮನೆ ನಮ್ಮದು. ಬೆಳಿಗ್ಗೆ ಹತ್ತಕ್ಕೆ ವೈನಿ ಫ್ರಾಕುಗಳಿಗೆ ಇಸ್ತ್ರಿ ಮಾಡಿ, ತೆಳುಕಾಗದದಲ್ಲಿ ಮಡಚಿ, ಪ್ಲಾಸ್ಟಿಕ್ ಕವರಿಗೆ ಸೇರಿಸಿ, ರಟ್ಟಿನ ಡಬ್ಬಿಯಲ್ಲಿ ಮಲಗಿಸುತ್ತಿದ್ದರು. ಪ್ರತಿ ಡಬ್ಬಿಯ ವಿಳಾಸವನ್ನೂ ದೊಡ್ಡದಾಗಿ ಓದಬೇಕು, ಆ ಮಗುವನ್ನು ಕಣ್ಣಮುಂದೆ ತಂದುಕೊಳ್ಳಬೇಕು. "ಇದು ನಾಸಿಕದ್ದು ನೋಡು. ಎರಡ ವರ್ಷದ್ದು, ಸೊಂಟದ ಅಳತಿ ಮೂರ ವರ್ಷದ್ದು. ಗುಂಡಗುಂಡಗ ಇರಬೇಕು ಬಂಗಾರ!" ಎಂದು ನಗುತ್ತಿದ್ದರು. ನಾನು ಮಿಡ್ಲ್ ಸ್ಕೂಲಿನಲ್ಲಿದ್ದಾಗ ಮನೆ ತುಂಬಿದವರು, ನನ್ನನ್ನು ಇವತ್ತಿಗೂ ಏಕವಚನದಲ್ಲೇ ಮಾತಾಡಿಸುವವರು. ಅಣ್ಣ ಹೋದ ಮೇಲೆ ಅವರು ಬಾಯಿ ತುಂಬ ನಗುತ್ತಿದ್ದದ್ದು ದಿನದ ಆ ಎರಡು ತಾಸಿನಲ್ಲಿ ಮಾತ್ರ. ನನಗೆ ಆ ಎರಡು ತಾಸು ಭಾಳ ಇಷ್ಟವಾಗುತ್ತಿತ್ತು.

ಹಾಗೆ ಮಲಗಿಸಿದ ಕವರುಗಳ ಬಾಯಿ ಮಧ್ಯಾಹ್ನದವರೆಗೂ ತೆರೆದೇ ಇರುತ್ತಿತ್ತು. ಮೂರೂವರೆಗೆ ನನ್ನ ಹೆಂಡತಿ ತಾನು ಪಾಠ ಹೇಳುವ ಶಾಲೆಯಿಂದ ಬಂದು, ಕೈಕಾಲು ತೊಳೆದು, ದೇವರ ಮುಂದಿನ ಭರಣಿಯಿಂದ ಕುಂಕುಮ ತೆಗೆದು, ಬಿಳಿ ಕಾಗದದಲ್ಲಿ ಚಿಟಿಕೆ ಚಿಟಿಕೆಯಾಗಿ ಪುಡಕೆ ಕಟ್ಟಿ, ಒಂದೊಂದು ಕವರಿನಲ್ಲೂ ಬಟ್ಟೆಯ ಮೇಲೆ ಇಡುತ್ತಿದ್ದಳು. ಆಮೇಲೆ ನಾನು ಎಲ್ಲವನ್ನೂ ಮುಚ್ಚಿ ಐದು ಗಂಟೆಯ ಕೊರಿಯರ್‌ಗೆ ಕೊಡುತ್ತಿದ್ದೆ.

ಕುಂಕುಮ ಇಡಲೇಬೇಕೆಂದು ಹಟ ಹಿಡಿದವರು ವೈನಿಯೇ. "ಹೆಣ್ಣ ಕೂಸಿಗೆ ಖಣ ಹಂಗ ಬರಿದ ಕಳಸತಾರೇನು? ತವರಿಂದ ಬಂದಂಗ ಇರಬೇಕು" ಎನ್ನುತ್ತಿದ್ದರು. ಆದರೆ ಅಣ್ಣ ಹೋದ ದಿನದಿಂದ ಅವರು ಕುಂಕುಮದ ಭರಣಿ ಮುಟ್ಟಿರಲಿಲ್ಲ. ಮುಟ್ಟಬೇಡಿ ಎಂದವರು ಯಾರೂ ಇಲ್ಲ. ಮಗಳು ಒಂದೆರಡು ಸಲ ಈ ಬಗ್ಗೆ ಜಗಳವಾಡಿ, ಅತ್ತು, ಸುಮ್ಮನಾಗಿದ್ದಳು. ಎಂಟು ವರ್ಷದಲ್ಲಿ ಅದು ಮನೆಯ ಪದ್ಧತಿಯೇ ಆಗಿಹೋಗಿ, ಇಸ್ತ್ರಿ ವೈನಿಯದು, ಕುಂಕುಮ ನನ್ನ ಹೆಂಡತಿಯದು, ಟೇಪು ನನ್ನದು ಎಂದು ನಡೆದುಕೊಂಡು ಬಂದಿತ್ತು. ಅದರಲ್ಲಿ ಪ್ರಶ್ನೆ ಕೇಳುವಂಥದ್ದೇನಾದರೂ ಇದೆ ಎಂದು ನನಗೆ ಅನಿಸಿರಲಿಲ್ಲ.

ನಾಗಪುರದ ಫೋನಿನ ಮರುದಿನವೇ ನಾನು ಕಾತ್ರಜದ ಆಚೆ ರಟ್ಟಿನ ಡಬ್ಬಿ ಮಾಡುವವರ ಶೆಡ್ಡಿಗೆ ಹೋದೆ. ನನ್ನ ಗುಮಾನಿಯೆಲ್ಲ ಡಬ್ಬಿಯ ಮೇಲೆ. ಅಲ್ಲಿಯವರೆಗೆ ನಾವು ಬಳಸುತ್ತಿದ್ದದ್ದು ಮೂರು ಪದರದ ರಟ್ಟು: ಎರಡು ಕಾಗದದ ನಡುವೆ ಒಂದು ಸುಕ್ಕು ಕಾಗದ. ಮಳೆಯಲ್ಲಿ ಕೊರಿಯರ್ ಗಾಡಿ ಸೋರಿದರೆ ಅದು ಹೀರಿಕೊಳ್ಳುತ್ತದೆ, ಕುಂಕುಮ ನೆನೆಯುತ್ತದೆ ಎಂಬುದು ನನ್ನ ತರ್ಕ. ಐದು ಪದರದ್ದು ತೋರಿಸಿ ಎಂದೆ. ಶೆಡ್ಡಿನ ಯಜಮಾನರು ಒಂದು ಡಬ್ಬಿಯನ್ನು ನೆಲಕ್ಕಿಟ್ಟು ಅದರ ಮೇಲೆ ತಾವೇ ಹತ್ತಿ ನಿಂತು ತೋರಿಸಿದರು. ಸಣ್ಣ ಆಳೇನಲ್ಲ. ಡಬ್ಬಿ ಮಿಸುಕಲಿಲ್ಲ, ನಾನು ಸೋತುಹೋದೆ.

ಆದರೆ ಐದು ಪದರದ್ದಕ್ಕೆ ಮೈ ದಪ್ಪ. ಕೊರಿಯರ್‌ನವರು ತೂಕ ಮಾತ್ರ ನೋಡುವುದಿಲ್ಲ, ಉದ್ದ ಅಗಲ ಎತ್ತರ ಗುಣಿಸಿ ಡಬ್ಬಿ ಎಷ್ಟು ಜಾಗ ತಿನ್ನುತ್ತದೆ ಎಂದೂ ನೋಡುತ್ತಾರೆ. ಹಾಗಾಗಿ ಮೂರು ದಿನ ಕೂತು ಫ್ರಾಕಿನ ಮಡಿಕೆಯನ್ನೇ ಬದಲಿಸಿದೆ. ಎರಡು ಮಡಿಕೆಯ ಬದಲು ಮೂರು, ಅಂಚು ಒಳಗೆ ಬರುವಂತೆ, ಡಬ್ಬಿಯ ಎತ್ತರ ನಾಲ್ಕು ಬೆರಳಿನಿಂದ ಎರಡೂವರೆಗೆ ಇಳಿಯಿತು. ಕವರನ್ನು ಮೊದಲಿನದಕ್ಕಿಂತ ಎರಡು ಪಟ್ಟು ದಪ್ಪದ್ದಕ್ಕೆ ಬದಲಿಸಿದೆ, ಬಾಯಿಗೆ ಅಂಟು ಇರುವಂಥದ್ದು. ಟೇಪನ್ನು ನಡುವೆ ಒಂದೇ ಗೆರೆ ಹಾಕುವ ಬದಲು ಎರಡೂ ತುದಿಗೆ ಅಡ್ಡ ಎಳೆದೆ. ಮುಚ್ಚಿದ ಡಬ್ಬಿಯನ್ನು ಬಚ್ಚಲಲ್ಲಿಟ್ಟು ಮೇಲೆ ಎರಡು ತಂಬಿಗೆ ನೀರು ಸುರಿದು, ಹತ್ತು ನಿಮಿಷ ಬಿಟ್ಟು ತೆರೆದೆ. ಒಳಗೆ ಬೂದಿಯಷ್ಟು ಒಣ. ವೈನಿಯನ್ನು ಕರೆದು ತೋರಿಸಿದೆ.

"ಅಡ್ಡಿ ಇಲ್ಲ. ಕೂಸಿಗಿಂತ ತೊಟ್ಟಿಲಾ ಭಾರ ಆತು" ಎಂದರು ಅವರು.

ಹೊಸ ಡಬ್ಬಿ ಹೊರಟ ಎರಡೇ ವಾರದಲ್ಲಿ ಮತ್ತೆ ಎರಡು ಫ್ರಾಕು ವಾಪಸು ಬಂದವು, ಮೊದಲಿನವುಗಳಿಗಿಂತ ಹೆಚ್ಚು ಕೆಂಪಾಗಿ. ಡಬ್ಬಿಯ ಹೊರಮೈ ಒಣಗಿತ್ತು. ಒಳಮೈಯೂ ಒಣಗಿತ್ತು. ಕವರಿನ ಒಳಗೆ ಮಾತ್ರ, ಬಿಸಿ ಅನ್ನದ ಪಾತ್ರೆಯ ಮುಚ್ಚಳದಡಿ ಇರುವಂತೆ ಸಣ್ಣ ಸಣ್ಣ ಹನಿ. ನೀರು ಹೊರಗಿನಿಂದ ಬಂದಿರಲಿಲ್ಲ ಎಂಬುದು ಅವತ್ತೇ ನನಗೆ ಹೊಳೆಯಬೇಕಿತ್ತು. ಜಂಬ ಅಡ್ಡ ಬಂತು. ಕೊರಿಯರ್‌ನವರ ಮೇಲೆ ಕೂಗಾಡಿದೆ, ಕವರಿನ ಅಂಗಡಿಯವನ ಮೇಲೆ ಕೂಗಾಡಿದೆ. ಇಬ್ಬರದೂ ತಪ್ಪಿರಲಿಲ್ಲ.

ಆ ಭಾನುವಾರ ವೈನಿಯ ಮಗಳು ಕಂಪ್ಯೂಟರ್ ಮಡಚಿಟ್ಟು ನಮ್ಮೆದುರು ಕೂತಳು. "ಕಾಕಾ, ಹೀಂಗ ಆದ್ರ ನಡಿಯೂದಿಲ್ಲ. ಒಮ್ಮೆ ರಿಟರ್ನ್ ಮಾಡಿದ ಕಸ್ಟಮರ್ ಮತ್ತ ಬರೂದಿಲ್ಲ. ಕೊರಿಯರ್ ಕಂಪನಿಯವರದ ಗೋಡೌನ್ ಅದ, ಬಟ್ಟಿ ಕಳಿಸಿದ್ರ ಅವರ ಪ್ಯಾಕ್ ಮಾಡತಾರ. ಒಂದ ಪ್ಲಾಸ್ಟಿಕ್ ಕವರ್, ಅಷ್ಟ. ಕುಂಕುಮ ಗಿಂಕುಮ ಇಲ್ಲ" ಎಂದಳು.

ಅವಳು ಕಟುಕಿಯಲ್ಲ. ತಾಯಿಯ ಕೆಲಸ ಮುಳುಗಬಾರದೆಂಬ ಭಯ ಅವಳದು. ಗಣೇಶ ಚತುರ್ಥಿಯವರೆಗೆ ಟೈಮು ಕೊಡು ಎಂದೆ. ಅಷ್ಟರಲ್ಲಿ ಇನ್ನೊಂದು ಡಬ್ಬಿ ಕೆಂಪಾಗಿ ಬಂದರೆ ಅವಳು ಹೇಳಿದಂತೆ ಮಾಡುವುದು ಎಂದು ಒಪ್ಪಂದವಾಯಿತು. ವೈನಿ ಅಷ್ಟೂ ಹೊತ್ತು ಒಂದು ಪೋಲಕದ ಗುಂಡಿ ತಿರುಗಿಸುತ್ತ ಕೂತಿದ್ದರು. "ಆತು ಬಿಡ್ರಿ, ಗೋಡೌನಿನ್ಯಾಗ ಏನು ಮಂದಿ ಇರೂದಿಲ್ಲೇನು? ಅವರೂ ಚಂದಾಗೇ ಹಾಕತಾರ" ಎಂದರು. ಆ ಮಾತಿನಲ್ಲಿ ಅವರು ನಾಸಿಕದ ಗುಂಡು ಮಗುವನ್ನೂ ನಾಗಪುರದ ಒಂದು ವರ್ಷದ ಮಗುವನ್ನೂ ಬಿಟ್ಟುಕೊಡುತ್ತಿದ್ದಾರೆ ಎಂದು ನನಗೆ ಅನಿಸಿತು. ಏನಾದರಾಗಲಿ, ಆ ಎರಡು ತಾಸು ಅವರಿಂದ ಹೋಗಬಾರದು ಎಂದು ಅವತ್ತು ಮನಸ್ಸು ಗಟ್ಟಿ ಮಾಡಿಕೊಂಡೆ.

ಮೊದಲು ತೇವ ಹೀರುವ ಹರಳಿನ ಚೀಲ ತಂದೆ, ಬೂಟಿನ ಡಬ್ಬಿಯಲ್ಲಿ ಬರುತ್ತವಲ್ಲ, ಅಂಥವು. ವೈನಿ ಅದನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿದರು. "ಕೂಸು ಬಾಯಾಗ ಹಾಕ್ಕೊಂಡ್ರ?" ಎಂದರು. ಅಲ್ಲಿಗೆ ಅದು ಮುಗಿಯಿತು. ಆಮೇಲೆ ಬೆಳ್ಳಿ ಅಂಗಡಿಯವರು ಮೂಗುತಿ ಹಾಕಿಕೊಡುವ, ಬಾಯಿ ಒತ್ತಿ ಮುಚ್ಚುವ ಪುಟ್ಟ ಪ್ಲಾಸ್ಟಿಕ್ ಚೀಲಗಳನ್ನು ತಂದು ಕುಂಕುಮವನ್ನು ಅದರಲ್ಲಿ ತುಂಬಿಸಿದೆ. ಮೇಲೆ ಹತ್ತು ಡಬ್ಬಿಯ ಭಾರ ಹೇರಿ ಒಂದು ದಿನ ಬಿಟ್ಟೆ. ಒಳಗಿನ ಗಾಳಿಯ ಒತ್ತಡಕ್ಕೆ ಚೀಲದ ಬಾಯಿ ಬಿಟ್ಟು ಒಣ ಕುಂಕುಮ ಫ್ರಾಕಿನ ತುಂಬ ಹಾರಿತ್ತು. ನನ್ನ ಅಂಗಿಯ ಮೇಲೂ ಬಿತ್ತು. ನನ್ನ ಹೆಂಡತಿ "ಎಲ್ಲಿ ಓಕಳಿ ಆಡಿ ಬಂದ್ರಿ?" ಎಂದು ಕೇಳಿದಳು.

ಇದೆಲ್ಲ ಆದ ಮೇಲೆ, ನಿಜವಾದ ಪ್ರಯಾಣದಲ್ಲಿ ಡಬ್ಬಿಗೆ ಏನಾಗುತ್ತದೆ ಎಂದು ನೋಡಲು ತೀರ್ಮಾನಿಸಿದೆ. ಧಾರವಾಡದಲ್ಲಿ ನನ್ನ ತಂಗಿ ಇದ್ದಾಳೆ. ಒಂದು ಭಾನುವಾರ ನಾಲ್ಕು ಡಬ್ಬಿ ಕಟ್ಟಿ, ಕಾತ್ರಜಕ್ಕೆ ಒಯ್ದು, ಕರ್ನಾಟಕದ ಕಡೆ ಹೊರಟ ಬಸ್ಸಿನ ಕಂಡಕ್ಟರರಿಗೆ ಕೈಮುಗಿದು ಕೊಟ್ಟೆ. ತಂಗಿ ಅವನ್ನು ಬಿಚ್ಚದೆ ಮಾರನೇ ದಿನದ ಬಸ್ಸಿಗೆ ಹಾಕಿ ವಾಪಸು ಕಳಿಸಬೇಕು. ಅವಳು ಫೋನಿನಲ್ಲಿ, "ಅಣ್ಣಾ, ಬಸ್‌ಸ್ಟ್ಯಾಂಡಿಗೆ ಎರಡ ಸಲ ಓಡ್ಯಾಡಿಸೀಯಲ್ಲ, ಒಂದ ಡಬ್ಬಿ ತುಂಬ ತಿನ್ನಾಕ ಪುಣೆದ ಬಾಕರವಡಿ ಇಟ್ಟಿದ್ರ ನಿಂದೇನು ಗಂಟು ಹೋಗತಿತ್ತು?" ಎಂದು ಕೇಳಿದಳು.

ನಾಲ್ಕೂ ಡಬ್ಬಿ ಹೂವಿನಂತೆ ವಾಪಸು ಬಂದವು. ಪುಡಕೆಯ ಕಾಗದದ ಮಡಿಕೆ ಸಹ ಮೆತ್ತಗಾಗಿರಲಿಲ್ಲ. ನನಗೆ ಖುಷಿಯಾಗುವ ಬದಲು ತಲೆ ಕೆಟ್ಟುಹೋಯಿತು. ಅದೇ ಡಬ್ಬಿ, ಅದೇ ಕವರು, ಅದೇ ಕುಂಕುಮ, ಅದೇ ಮಳೆ.

ಆಗ ಪಾರ್ಸೆಲ್ ಬರೆದಿಡುವ ವಹಿ ತೆಗೆದು ಕೂತೆ. ಕೆಂಪಾಗಿ ಬಂದ ಆರೂ ಡಬ್ಬಿಗಳನ್ನು ಕಟ್ಟಿದ ದಿನ ಹುಡುಕಿದೆ. ಬುಧವಾರ, ಸೋಮವಾರ, ಗುರುವಾರ, ಮತ್ತೆ ಸೋಮವಾರ, ಮಂಗಳವಾರ, ಶುಕ್ರವಾರ. ಭಾನುವಾರ ಕಟ್ಟಿದವುಗಳಲ್ಲಿ ಒಂದೂ ಇರಲಿಲ್ಲ. ಶಾಲೆಗೆ ರಜೆ ಇದ್ದ ದಿನದ್ದೂ ಇರಲಿಲ್ಲ. ಮೊದಲು, ಭಾನುವಾರ ಕೊರಿಯರ್ ಇಲ್ಲ, ಆ ಡಬ್ಬಿಗಳು ಒಂದು ದಿನ ಮನೆಯಲ್ಲೇ ಉಳಿಯುತ್ತವೆ, ಅದಕ್ಕಿರಬೇಕು ಎಂದುಕೊಂಡೆ. ಆಮೇಲೆ ನಿಧಾನವಾಗಿ ಗೊತ್ತಾಯಿತು. ಭಾನುವಾರ ನನ್ನ ಹೆಂಡತಿ ಮನೆಯಲ್ಲಿರುತ್ತಾಳೆ. ವೈನಿ ಇಸ್ತ್ರಿ ಮಾಡಿ ಇಟ್ಟ ಕೂಡಲೇ ಅವಳು ಪುಡಕೆ ಇಡುತ್ತಾಳೆ, ನಾನು ಕೂಡಲೇ ಮುಚ್ಚುತ್ತೇನೆ. ಉಳಿದ ದಿನ ಬಿಸಿ ಇಸ್ತ್ರಿಯ ಬಟ್ಟೆ ಬೆಳಗಿನಿಂದ ಮೂರೂವರೆಯವರೆಗೆ ಬಾಯಿ ತೆರೆದುಕೊಂಡು ಕಾಯುತ್ತದೆ. ಪುಣೆಯ ಆ ಮಳೆಗಾಲದ ಗಾಳಿಯಲ್ಲಿ ಬಟ್ಟೆಯೂ ತೆಳುಕಾಗದವೂ ಐದು ತಾಸು ತೇವ ಕುಡಿಯುತ್ತವೆ. ಆಮೇಲೆ ನಾನು ಬಂದು, ಆ ತೇವ ಹೊರಗೆ ಹೋಗದಂತೆ ದಪ್ಪ ಕವರಿನಲ್ಲಿ ಭದ್ರವಾಗಿ ಮುಚ್ಚುತ್ತೇನೆ. ಗಾಡಿಯಲ್ಲಿ ಬಿಸಿಯಾಗಿ ಮತ್ತೆ ತಣಿದಾಗ ಅದು ಹನಿಯಾಗಿ ಪುಡಕೆಯ ಮೇಲೆ ಇಳಿಯುತ್ತದೆ. ನಾನು ಡಬ್ಬಿಯನ್ನು ಗಟ್ಟಿ ಮಾಡಿದಷ್ಟೂ ಕಲೆ ದೊಡ್ಡದಾದದ್ದು ಇದಕ್ಕೇ.

ಖಾತ್ರಿ ಮಾಡಿಕೊಳ್ಳಲು ಮುಂದಿನ ಭಾನುವಾರ ಎರಡು ಡಬ್ಬಿ ಕಟ್ಟಿದೆ. ಒಂದನ್ನು ಇಸ್ತ್ರಿಯಾದ ಕೂಡಲೇ ಮುಚ್ಚಿದೆ, ಇನ್ನೊಂದನ್ನು ಮೂರೂವರೆವರೆಗೆ ತೆರೆದಿಟ್ಟು ಮುಚ್ಚಿದೆ. ಎರಡೂ ಧಾರವಾಡಕ್ಕೆ ಹೋಗಿ ಬಂದವು. ಮೊದಲನೆಯದು ಶುಭ್ರ. ಎರಡನೆಯದರ ಅಸ್ತರಿನ ಮೇಲೆ ಎಂಟಾಣೆಯಗಲ ಕೆಂಪು. ಈ ಸಲ ಬಾಕರವಡಿ ಕಳಿಸಿದ್ದೆ, ತಂಗಿ ಸುಮ್ಮನಿದ್ದಳು.

ಕಾರಣ ಸಿಕ್ಕಿತು, ಆದರೆ ಹೇಳುವುದು ಹೇಗೆ? ಡಬ್ಬಿ ಕಾಯುತ್ತಿದೆ ಎಂದರೆ, ಯಾರಿಗಾಗಿ ಕಾಯುತ್ತಿದೆ, ಯಾಕೆ ಕಾಯುತ್ತಿದೆ ಎಂಬ ಮಾತು ಬರುತ್ತದೆ. ಎಂಟು ವರ್ಷ ನಾವು ಯಾರೂ ಆಡದ ಮಾತು ಅದು. ನಾನು ಧೈರ್ಯ ಮಾಡಲಿಲ್ಲ. ಇಸ್ತ್ರಿಯಾದ ಐದು ನಿಮಿಷದಲ್ಲಿ ಮುಚ್ಚಬೇಕು ಎಂದಷ್ಟೇ ಹೇಳಿ, ಗೋಡೆಗೆ ಒಂದು ಗಡಿಯಾರ ತೂಗುಹಾಕಿ, ಉಳಿದದ್ದಕ್ಕೆ ಸುತ್ತುದಾರಿ ಹುಡುಕತೊಡಗಿದೆ.

ಇಸ್ತ್ರಿಯನ್ನೇ ಮೂರೂವರೆಗೆ ಇಟ್ಟುಕೊಂಡರೆ ಎರಡು ತಾಸಿನ ಕೆಲಸ ಐದು ಗಂಟೆಯ ಕೊರಿಯರ್‌ಗೆ ಮುಗಿಯುತ್ತಿರಲಿಲ್ಲ. ಕುಂಕುಮ ನಾನೇ ಇಡುತ್ತೇನೆ ಎಂದೆ. ವೈನಿಗೆ ನಗು ತಡೆಯಲಾಗಲಿಲ್ಲ. "ಗಂಡಸರು ಉಡಿ ತುಂಬಿದ್ದು ಎಲ್ಲೆರೆ ಕೇಳೀಯೇನೋ? ನಿನ್ನ ಕೈಗೆ ಟೇಪ ಸಾಕು" ಎಂದರು. ನನ್ನ ಹೆಂಡತಿ ಇನ್ನೊಂದು ಉಪಾಯ ಹೇಳಿದಳು. ಭಾನುವಾರವೇ ಆ ವಾರದ ಅಷ್ಟೂ ಖಾಲಿ ಕವರುಗಳ ತಳದಲ್ಲಿ ಅವಳು ಪುಡಕೆ ಇಟ್ಟಿರುವುದು, ವೈನಿ ಮೇಲಿನಿಂದ ಬಟ್ಟೆ ಇಳಿಸುವುದು. ಸೋಮವಾರ ನಾನು ನೋಡುತ್ತ ನಿಂತೆ. ವೈನಿ ಕವರನ್ನು ಎರಡು ಬೆರಳಿನಲ್ಲಿ ಅಂಚಿಗೆ ಹಿಡಿದು, ತಳದ ಪುಡಕೆಗೆ ಎಲ್ಲಿ ಕೈ ತಾಗುತ್ತದೋ ಎಂದು ಫ್ರಾಕನ್ನು ಅರ್ಧಕ್ಕೇ ಬಿಡುತ್ತಿದ್ದರು. ಬಟ್ಟೆ ಮೇಲೆಯೇ ಮುದ್ದೆಯಾಗಿ ಕೂರುತ್ತಿತ್ತು. ಮೂವತ್ತು ವರ್ಷ ಸೂಜಿ ಹಿಡಿದ ಆ ಕೈ ಅಷ್ಟು ಅಂಜುವುದನ್ನು ನೋಡಿ ನನಗೆ ಕಣ್ಣು ತುಂಬಿ ಬಂತು. ಮರುದಿನದಿಂದ ಆ ಉಪಾಯ ಬಿಟ್ಟೆವು.

ಉಳಿದದ್ದು ಒಂದೇ ದಾರಿ. ಬೆಳಿಗ್ಗೆ ಬರುವಂತೆ ಇನ್ನೊಬ್ಬ ಹೆಣ್ಣುಮಗಳನ್ನು ಕೆಲಸಕ್ಕೆ ಇಟ್ಟುಕೊಳ್ಳುವುದು. ಹೇಗೂ ಕೆಲಸ ಬೆಳೆದಿತ್ತು. ಡಬ್ಬಿಯ ಶೆಡ್ಡಿನಲ್ಲಿ ವಿಚಾರಿಸಿದಾಗ, ಮೊದಲು ಸಿಹಿತಿಂಡಿಯ ಡಬ್ಬಿ ಮಡಚುತ್ತಿದ್ದ ಒಬ್ಬರಿದ್ದಾರೆ, ಕೈ ಭಾಳ ಚುರುಕು ಎಂದರು. ಅಕ್ಕಲಕೋಟೆಯ ಕಡೆಯವರು, ಮನೆಮಾತು ಕನ್ನಡ. ಧನಕವಡಿಯಲ್ಲೇ ಇದ್ದರು. ಹೋಗಿ ಮಾತಾಡಿದೆ. ಕೇಳಬೇಕಾದ ಒಂದು ಪ್ರಶ್ನೆ ಮಾತ್ರ ನನ್ನ ಬಾಯಿಗೆ ಬರಲಿಲ್ಲ. ಡಬ್ಬಿ ಕಟ್ಟುವ ಕೆಲಸಕ್ಕೆ ಬಂದವರನ್ನು ನಿಮಗೆ ಗಂಡ ಇದ್ದಾರೆಯೇ ಎಂದು ಕೇಳುವುದು ಹೇಗೆ? ನಾಚಿಕೆಯಾಯಿತು. ಹಣೆಯ ಮೇಲೆ ಸಣ್ಣ ಟಿಕಳಿ ಕಂಡಿತು, ಕೈಯಲ್ಲಿ ಬಳೆ ಕಂಡವು, ಸಾಕು ಎಂದುಕೊಂಡು ಸೋಮವಾರದಿಂದ ಬರ್ರಿ ಎಂದುಬಿಟ್ಟೆ.

ಸೋಮವಾರ ಹತ್ತಕ್ಕೆ ಸರಿಯಾಗಿ ಬಂದರು. ಹಿಂದಿನ ದಿನ ನನ್ನ ಹೆಂಡತಿ ಹನ್ನೆರಡು ಪುಡಕೆ ಕಟ್ಟಿ ತಟ್ಟೆಯಲ್ಲಿ ಇಟ್ಟಿದ್ದಳು. ಹೊಸಬರು ಒಂದು ಚಪ್ಪಟೆ ರಟ್ಟನ್ನು ಎತ್ತಿ ಎರಡು ಸಲ ಕೊಡವಿದರು, ಡಬ್ಬಿ ತಾನಾಗಿ ಎದ್ದು ನಿಂತಿತು. ನಾನು ಅದಕ್ಕೆ ಒಂದು ನಿಮಿಷ ಗುದ್ದಾಡುತ್ತಿದ್ದೆ. "ನೋಡು, ಕಲಿ" ಎಂದರು ವೈನಿ ನನಗೆ. ಇಬ್ಬರೂ ಅಕ್ಕಲಕೋಟೆಯ ಸಂತೆ, ಸೊಲ್ಲಾಪುರದ ಶೇಂಗಾಚಟ್ನಿ ಎಂದು ಮಾತಿಗೆ ಬಿದ್ದರು. ಮೊದಲ ಡಬ್ಬಿ ನಾಗಪುರದ್ದೇ ಇತ್ತು. ಹಾಳಾದ ಫ್ರಾಕಿನ ಬದಲು, ಮಗು ಬೆಳೆದಿರುತ್ತದೆ ಎಂದು ಒಂದು ಅಳತೆ ದೊಡ್ಡದು ಹೊಲಿಸಿದ್ದರು ವೈನಿ. ಇಸ್ತ್ರಿ ಮುಗಿಯಿತು, ಮಡಿಕೆಯಾಯಿತು, ಕವರಿಗೆ ಇಳಿಯಿತು. ವೈನಿ ಪುಡಕೆಯ ತಟ್ಟೆಯ ಕಡೆ ಕಣ್ಣಿನಲ್ಲೇ ತೋರಿಸಿ, "ಒಂದ ಅದರ ಮ್ಯಾಲೆ ಇಟ್ಟುಬಿಡ್ರಿ" ಎಂದರು.

ಆ ಹೆಣ್ಣುಮಗಳು ಕೈ ಹಿಂದಕ್ಕೆ ಎಳೆದುಕೊಂಡರು.

"ಕುಂಕುಮ ಏನ್ರಿ? ಇದೊಂದು ನನ್ನ ಕಡೆ ಮಾಡಸಬ್ಯಾಡ್ರಿ ವೈನಿಯವರ. ನಮ್ಮ ಮನಿಯವರು ಹೋಗಿ ಮೂರ ವರ್ಷ ಆತ್ರಿ. ಈ ಟಿಕಳಿ, ಬಳಿ ಮಂದಿ ಕಣ್ಣಿಗಷ್ಟರಿ. ಉಳದದ್ದೆಲ್ಲಾ ಮಾಡತೀನಿ."

ನಾನು ಮಾಡಿದ ಎಡವಟ್ಟು ನನಗೆ ಗೊತ್ತಾಗಿ ತಲೆ ತಗ್ಗಿಸಿದೆ. ವೈನಿ ನನ್ನ ಕಡೆ ನೋಡಲೂ ಇಲ್ಲ. ಅವರು ಆಕೆಯ ಕೈಯನ್ನೇ ನೋಡುತ್ತಿದ್ದರು.

"ಯಾರರೆ ಹಂಗ ಅಂದ್ರೇನ್ರಿ ನಿಮಗ?" ಎಂದು ಕೇಳಿದರು.

"ಯಾರೂ ಅಂದಿಲ್ರಿ. ನಾನ ಅನ್ಕೊಂಡೀನಿ. ಸಣ್ಣ ಕೂಸಿಂದು, ನನ್ನ ಕೈಯಿಂದ ಯಾಕ ಅಂತ."

"ನಿಮ್ಮ ಕೈಯಿಂದ ಕೂಸಿಗೆ ಕೆಟ್ಟ ಆಗತದೇನು?"

"ನನಗ ಹೆಂಗ ಗೊತ್ರಿ?"

"ನನಗ ಗೊತ್ತದ. ಆಗೂದಿಲ್ಲ" ಎಂದರು ವೈನಿ. ಹೇಳುವಾಗ ದನಿ ಗಟ್ಟಿಯಾಗಿತ್ತು. ಹೇಳಿ ಮುಗಿಸಿದ ಮೇಲೆ, ತಾವು ಏನು ಹೇಳಿದೆವೆಂದು ಕೇಳಿಸಿಕೊಂಡವರಂತೆ ತಮ್ಮ ಕೈ ನೋಡಿಕೊಂಡರು. ಇಸ್ತ್ರಿಪೆಟ್ಟಿಗೆ ಪಕ್ಕದಲ್ಲಿ ಆರುತ್ತಿತ್ತು. ಹೊರಗೆ ಜಿನುಗು ಮಳೆ. ಇಬ್ಬರು ಹೆಂಗಸರು, ನಡುವೆ ಬಾಯಿ ತೆರೆದ ಒಂದು ಡಬ್ಬಿ. ಇಂಥ ಹೊತ್ತಿನಲ್ಲಿ ಏನು ಹೇಳಬೇಕೆಂದು ನನಗೆ ತಿಳಿಯುವುದಿಲ್ಲ, ಆದ್ದರಿಂದ ತಿಳಿದದ್ದನ್ನೇ ಹೇಳಿದೆ.

"ವೈನಿ, ಐದ ನಿಮಿಷ ಆಗಲಿಕ್ಕೆ ಬಂತು."

"ನಿನ್ನ ಗಡಿಯಾರಕ್ಕಷ್ಟು ಬೆಂಕಿ ಹಚ್ಚು" ಎಂದರು. ಬೈದರೋ ನಕ್ಕರೋ ಗೊತ್ತಾಗಲಿಲ್ಲ. ಕೈ ಚಾಚಿ ತಟ್ಟೆಯಿಂದ ಒಂದು ಪುಡಕೆ ತೆಗೆದುಕೊಂಡರು. ಅಂಗೈಯಲ್ಲಿ ಇಟ್ಟುಕೊಂಡು ಒಂದು ಕ್ಷಣ ನೋಡಿ, ಫ್ರಾಕಿನ ಎದೆಯ ಭಾಗದ ಮೇಲೆ ಇಟ್ಟರು. ಅಂಜುತ್ತ ಇಟ್ಟದ್ದಲ್ಲ; ಇಟ್ಟ ಮೇಲೆ ಬೆರಳಿನಿಂದ ಮೆತ್ತಗೆ ಒತ್ತಿ ಸರಿಮಾಡಿದರು. "ಒಂದ ವರ್ಷದ್ದು, ಬಂಗಾರಿ. ಛಂದ ಇರವಾ" ಎಂದು ಡಬ್ಬಿಗೆ ಹೇಳಿ ನನ್ನ ಕಡೆ ದೂಡಿದರು. ನಾನು ಮುಚ್ಚಿದೆ. ಟೇಪು ಸ್ವಲ್ಪ ಸೊಟ್ಟಗಾಯಿತು.

ಆಮೇಲೆ ತಟ್ಟೆಯನ್ನು ಹೊಸಬರ ಕಡೆ ಸರಿಸಿ, "ಈಗ ನೀವ ಇಡ್ರಿ. ಇದು ಸಾತಾರಾದ್ದು" ಎಂದರು. ಆಕೆ ಕಣ್ಣು ಒರೆಸಿಕೊಂಡು ಇಟ್ಟರು.

ಅವತ್ತು ಹದಿನೆಂಟು ಡಬ್ಬಿ ಇದ್ದವು, ಪುಡಕೆ ಹನ್ನೆರಡೇ. ಮುಗಿದಾಗ ನಾನು, ಉಳಿದ ಆರು ಮಧ್ಯಾಹ್ನಕ್ಕೆ ಇರಲಿ ಎನ್ನುವವನಿದ್ದೆ. ಅಷ್ಟರಲ್ಲಿ ವೈನಿ ಎದ್ದು ದೇವರ ಕೋಣೆಗೆ ಹೋದರು. ಬರುವಾಗ ಕೈಯಲ್ಲಿ ಭರಣಿ ಇತ್ತು. ಇಬ್ಬರೂ ನೆಲಕ್ಕೆ ಕೂತು, ಕಾಗದ ಹರಿದು, ಚಿಟಿಕೆ ಚಿಟಿಕೆಯಾಗಿ ಆರು ಪುಡಕೆ ಕಟ್ಟಿದರು.

ಮುಂದಿನದನ್ನು ಇಲ್ಲೇ ಹೇಳಿಬಿಡುತ್ತೇನೆ. ಗಣೇಶ ಚತುರ್ಥಿಯವರೆಗೆ, ಆಮೇಲೆ ಮಳೆ ನಿಲ್ಲುವವರೆಗೂ ಒಂದು ಡಬ್ಬಿಯೂ ಕೆಂಪಾಗಿ ಬರಲಿಲ್ಲ. ಐದು ಪದರದ ರಟ್ಟು ಅನವಶ್ಯಕ ಎಂದು ತಿಳಿದು, ನಾನು ಬಾಯಿ ಮುಚ್ಚಿಕೊಂಡು ಮೂರು ಪದರಕ್ಕೇ ಮರಳಿದೆ. ಮಡಿಕೆ ಮಾತ್ರ ನನ್ನದೇ ಉಳಿಯಿತು. ವೈನಿಯ ಮಗಳು ಗೋಡೌನಿನ ಮಾತು ಮತ್ತೆ ಎತ್ತಲಿಲ್ಲ. ವೈನಿ ತಮ್ಮ ಹಣೆಗೆ ಹಚ್ಚಿಕೊಳ್ಳಲಿಲ್ಲ, ನಾವೂ ಕೇಳಲಿಲ್ಲ.

ಆದರೆ ನನಗೆ ಚೆನ್ನಾಗಿ ನೆನಪಿರುವುದು ಆ ಸೋಮವಾರದ ಮೂರೂವರೆ ಗಂಟೆ. ನನ್ನ ಹೆಂಡತಿ ಎಂದಿನಂತೆ ಶಾಲೆಯಿಂದ ಬಂದಳು, ಕೈಕಾಲು ತೊಳೆದಳು, ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತ ಹೊರಕೋಣೆಗೆ ಬಂದಳು. ಹದಿನೆಂಟು ಡಬ್ಬಿ ಟೇಪು ಹಾಕಿಸಿಕೊಂಡು ಗೋಡೆಗೆ ಸಾಲಾಗಿ ಕೂತಿದ್ದವು. ತಟ್ಟೆ ಖಾಲಿ. ಭರಣಿ ನೆಲದ ಮೇಲೆ, ವೈನಿಯ ಪಕ್ಕದಲ್ಲಿ. ಅವಳು ಡಬ್ಬಿಗಳನ್ನು ನೋಡಿದಳು, ಭರಣಿಯನ್ನು ನೋಡಿದಳು, ನನ್ನನ್ನು ನೋಡಿದಳು. ನಾನು ತೂಕದ ಯಂತ್ರ ಒರೆಸತೊಡಗಿದೆ.

"ಅಕ್ಕಾ, ನನಗ ಕೆಲಸನ ಉಳಸಿಲ್ಲಲ್ಲ" ಎಂದಳು.

"ಯಾಕ, ಚಾ ಮಾಡೂದು ಉಳದದ ನೋಡು. ನಾಲ್ಕ ಕಪ್ ಇಡು" ಎಂದರು ವೈನಿ.

ಅವಳು ಒಳಗೆ ಹೋದಳು. ಚಹಾ ಕುದಿಯುವುದಕ್ಕಿಂತ ಹೆಚ್ಚು ಹೊತ್ತು ಒಳಗೇ ಇದ್ದಳು. ಬಂದಾಗ ಕಣ್ಣು ಕೆಂಪಾಗಿದ್ದವು. ಮೊದಲ ಕಪ್ಪನ್ನು ವೈನಿಯ ಮುಂದೆ ಹಿಡಿದಳು. ವೈನಿಯ ಹೆಬ್ಬೆರಳು, ತೋರುಬೆರಳು ಎರಡಕ್ಕೂ ಕುಂಕುಮ ಹತ್ತಿತ್ತು. ಅವರು ಕೈ ತೊಳೆಯಲು ಏಳಲಿಲ್ಲ. ಆ ಬೆರಳಿನಲ್ಲೇ ಕಪ್ಪು ಹಿಡಿದು ಚಹಾ ಕುಡಿದರು.